ಟಾಟಾ ಇನ್‌ಸ್ಟಿಟ್ಯೂಟಿನ ಗಣಕ ವಿಭಾಗವೂ ದುರ್ಗದ ಸೀಮೆಯೂ

ಹಿರಿಯೂರಿನ ಬಳಿಯ ಮಾರಿಕಣಿವೆಯ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಅದೇ ವರ್ಷ ಮೈಸೂರು ಸಂಸ್ಥಾನ ಬೆಂಗಳೂರಿನ ಮಲ್ಲೇಶ್ವರದ ಆಚೆ 371 ಎಕರೆ ಜಮೀನನ್ನು ಜೆಮ್‌ಸೆಟ್‌ಜಿ ಟಾಟಾ ಬಯಸಿದ್ದ ಸಂಶೋಧನಾ ಸಂಸ್ಥೆಗೆ ಬಿಟ್ಟುಕೊಟ್ಟಿತು. ಟಾಟಾ ತೀರಿಕೊಂಡು ಆಗಲೇ ಮೂರು ವರ್ಷವಾಗಿತ್ತು. ಎರಡೂ ಕೆಲಸಗಳ ಹಿಂದೆ ಒಬ್ಬರೇ ಹೆಣ್ಣುಮಗಳು ನಿಂತಿದ್ದರು: ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನ. ಪತಿ ಚಾಮರಾಜೇಂದ್ರ ಒಡೆಯರು 1894ರಲ್ಲಿ ಕಾಲವಾದಾಗ ಮಗ ಕೃಷ್ಣರಾಜ ಇನ್ನೂ ಹತ್ತು ವರ್ಷದ ಬಾಲಕ. 1902ರವರೆಗೆ ಈ ತಾಯಿ ರಾಜಪ್ರತಿನಿಧಿಯಾಗಿ ರಾಜ್ಯ ನಡೆಸಿದರು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಜೊತೆಗೂಡಿ ವೇದಾವತಿಗೆ ಅಡ್ಡಗಟ್ಟೆ ಹಾಕುವ ಕೆಲಸ ಶುರು ಮಾಡಿಸಿದ್ದು, ಟಾಟಾ ಅವರ ಯೋಜನೆಗೆ ಸಂಸ್ಥಾನದ ಬೆಂಬಲದ ಮಾತು ಕೊಟ್ಟಿದ್ದು ಆ ವರ್ಷಗಳಲ್ಲೇ. ಮಾರಿಕಣಿವೆಯ ಜಲಾಶಯಕ್ಕೆ ವಾಣಿವಿಲಾಸ ಸಾಗರ ಎಂಬ ಹೆಸರು ಬಂದದ್ದು ಅವರಿಂದಲೇ.

ಹಾಗೆ ಹುಟ್ಟಿದ ಭಾರತೀಯ ವಿಜ್ಞಾನ ಸಂಸ್ಥೆಯನ್ನು ಬೆಂಗಳೂರಿನ ಹಳೆಯ ಜನ ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಅಂತಲೇ ಕರೆಯುತ್ತಾರೆ. ಅಲ್ಲಿನ ಗಣಕ ವಿಜ್ಞಾನ ಮತ್ತು ಸ್ವಯಂಚಾಲನ ವಿಭಾಗದ ಚರಿತ್ರೆಯನ್ನು ಚಿತ್ರದುರ್ಗದವರು ಓದಲೆಂದು ಬರೆಯುವಾಗ ವಾಣಿವಿಲಾಸ ಸಾಗರದಿಂದ ಹೊರಡುವುದು ನನಗೆ ನ್ಯಾಯವೆನಿಸುತ್ತದೆ. ಒಂದೇ ಬೊಕ್ಕಸದಿಂದ ಒಂದು ಸೀಮೆಗೆ ನೀರು ಸಿಕ್ಕಿತು, ಇನ್ನೊಂದು ಕಡೆ ವಿದ್ಯೆಗೆ ನೆಲ ಸಿಕ್ಕಿತು. ಆ ಸಂಸ್ಥೆಗೂ ನಮಗೂ ಇರುವ ಸಂಬಂಧ ಬಸ್ಸು ಹತ್ತಿ ಬೆಂಗಳೂರಿಗೆ ಓದಲು ಹೋದ ಹುಡುಗರಿಂದ ಶುರುವಾದದ್ದಲ್ಲ. ಅದಕ್ಕಿಂತ ಬಹಳ ಹಳೆಯದು. ಇದನ್ನು ಹೇಳುವುದರಲ್ಲಿ ನನಗೊಂದು ಉದ್ದೇಶವಿದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಿಂದ ಹೋಗಿ ಅಲ್ಲಿ ಓದಿದವರು, ಅಥವಾ ಬೇರೆ ಕಡೆ ಕಂಪ್ಯೂಟರ್ ಸೈನ್ಸ್ ಓದಿ ಇಂದು ಒಳ್ಳೆಯ ಕೆಲಸದಲ್ಲಿರುವವರು, ಆ ವಿಭಾಗದ ಬಾಗಿಲಿಗೆ ಅತಿಥಿಗಳಂತೆ ಹೋಗಬೇಕಾಗಿಲ್ಲ. ತಮ್ಮ ತಾಲ್ಲೂಕಿನ ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹಕ್ಕಿನಿಂದ ಹೋಗಬಹುದು.

ಸಂಸ್ಥೆಯಲ್ಲಿ ಗಣಕಯಂತ್ರದ ಮಾತು ಹುಟ್ಟಿದ್ದು ವಿಭಾಗಕ್ಕಿಂತ ಮೊದಲು. 1950ರ ದಶಕದ ಮಧ್ಯದಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಿಂದ ಸಂದರ್ಶಕ ಪ್ರಾಧ್ಯಾಪಕರಾಗಿ ಬಂದಿದ್ದ ವಿನ್ಸೆಂಟ್ ರೈಡೌಟ್ ಅವರ ಮಾರ್ಗದರ್ಶನದಲ್ಲಿ ಅಲ್ಲೊಂದು ಅನಲಾಗ್ ಕಂಪ್ಯೂಟರ್ ತಯಾರಾಯಿತು. ಅದರ ಕೆಲಸದಲ್ಲಿ ತೊಡಗಿದ್ದ ಎಳೆಯ ವಿದ್ಯಾರ್ಥಿಗಳಲ್ಲಿ ವಿ. ರಾಜಾರಾಮನ್ ಒಬ್ಬರು. ಅವರ ಹೆಸರು ಮುಂದೆ ಮತ್ತೆ ಬರುತ್ತದೆ. ಸತೀಶ್ ಧವನ್ ನಿರ್ದೇಶಕರಾಗಿದ್ದ ಕಾಲದಲ್ಲಿ, 1969ರಲ್ಲಿ, ‘ಸ್ಕೂಲ್ ಆಫ್ ಆಟೊಮೇಷನ್’ ಎಂಬ ಹೆಸರಿನಲ್ಲಿ ವಿಭಾಗ ಆರಂಭವಾಯಿತು. ಆಗ ನಿಯಂತ್ರಣ ಶಾಸ್ತ್ರ, ವ್ಯವಸ್ಥೆಗಳ ಗಣಿತ ಮುಂದೆ, ಗಣಕ ಹಿಂದೆ. ಮೊದಲ ದಶಕಗಳಲ್ಲಿ ವಿಭಾಗವನ್ನು ಕಟ್ಟಿದವರಲ್ಲಿ ಪ್ರೊ. ಐ.ಜಿ. ಶರ್ಮಾ ಅವರನ್ನು ಎಲ್ಲರೂ ನೆನೆಯುತ್ತಾರೆ. ಗಣಕದ ಪಾಲು ಬೆಳೆಯುತ್ತ ಹೋದ ಮೇಲೆ ಈಗಿನ ಹೆಸರು ಬಂತು. ಒಳಗಿನವರ ಬಾಯಲ್ಲಿ ಅದು ಸಿಎಸ್‌ಎ.

ಆ ದಿನಗಳ ಯಂತ್ರ ಐಬಿಎಂ 360/44. ಒಂದೊಂದು ಸಾಲು ಸೂಚನೆಗೆ ಒಂದೊಂದು ರಟ್ಟಿನ ಕಾರ್ಡು. ಕಾರ್ಡಿಗೆ ತೂತು ಹೊಡೆಸಿ, ಕಟ್ಟು ಕಟ್ಟಿ, ಕಿಟಕಿಯಲ್ಲಿ ಕೊಟ್ಟು ಬಂದರೆ ಉತ್ತರ ಬರುವುದು ಯಂತ್ರಕ್ಕೆ ಬಿಡುವಾದಾಗ. ಒಂದು ಅಲ್ಪವಿರಾಮ ತಪ್ಪಿದ್ದರೆ ಉತ್ತರದ ಬದಲು ತಪ್ಪಿನ ಪಟ್ಟಿ ಕೈಗೆ ಸಿಗುತ್ತಿತ್ತು, ಮತ್ತೆ ಸರದಿ. ಆ ಪೀಳಿಗೆಯವರು ಕಾಗದದ ಮೇಲೆ ಪೂರ್ತಿ ಯೋಚಿಸಿ ಮುಗಿಸಿದ ಮೇಲೆಯೇ ಯಂತ್ರದ ಹತ್ತಿರ ಹೋಗುವುದನ್ನು ಕಲಿತರು. ಇಂದಿನ ವಿದ್ಯಾರ್ಥಿಗಳಿಗೆ ಆ ಶಿಸ್ತನ್ನು ಹೇಳಿಕೊಡುವುದು ಕಷ್ಟ. ಆದರೂ ಹೇಳಿಕೊಡಬೇಕಾದದ್ದು ಅದೇ ಎಂದು ನಾನು ನಂಬಿದ್ದೇನೆ.

ರಾಜಾರಾಮನ್ ಕಾನ್ಪುರದ ಐಐಟಿಯಲ್ಲಿ ದೇಶದ ಮೊದಲ ಕಂಪ್ಯೂಟರ್ ಸೈನ್ಸ್ ತರಗತಿಗಳನ್ನು ಕಟ್ಟಿದವರ ಸಾಲಿನಲ್ಲಿದ್ದು, 1982ರಲ್ಲಿ ತಾವು ಓದಿದ ಸಂಸ್ಥೆಗೇ ಮರಳಿದರು. ಇಲ್ಲಿ ಸೂಪರ್‌ಕಂಪ್ಯೂಟರ್ ಶಿಕ್ಷಣ ಮತ್ತು ಸಂಶೋಧನಾ ಕೇಂದ್ರವನ್ನು ಬೆಳೆಸಿದರು. ನಮ್ಮ ಕಡೆಯ ಮಕ್ಕಳಿಗೆ ಅವರಿಂದಾದ ಉಪಕಾರ ಬೇರೆಯದು. ಬಿಎಸ್ಸಿ, ಬಿಕಾಂ ಮುಗಿಸಿದವರೂ ಗಣಕದ ವೃತ್ತಿಗೆ ಬರಲು ದಾರಿ ಮಾಡಿದ ಎಂಸಿಎ ಪದವಿಯ ಶಿಫಾರಸು ಮಾಡಿದ ಸಮಿತಿಗೆ ಅಧ್ಯಕ್ಷರು ಅವರು. ಪಿಯುಸಿಯಲ್ಲಿ ಅಂಕ ಸಾಲದೆ, ಅಥವಾ ಮನೆಯಲ್ಲಿ ದುಡ್ಡಿಲ್ಲದೆ, ಎಂಜಿನಿಯರಿಂಗ್ ಕೈತಪ್ಪಿದ ಎಷ್ಟೋ ಮಕ್ಕಳು ಊರಿನ ಪದವಿ ಕಾಲೇಜಿನಲ್ಲಿ ಓದಿ ಎಂಸಿಎ ಹಿಡಿದು ಬೆಂಗಳೂರು ಸೇರಿದರು. ರಾಜಾರಾಮನ್ ಬರೆದ ಪಠ್ಯಪುಸ್ತಕಗಳ ಅಗ್ಗದ ಆವೃತ್ತಿಗಳು ಸಣ್ಣ ಊರುಗಳ ಗ್ರಂಥಾಲಯಗಳನ್ನೂ ತಲುಪಿದವು. ಸಂಶೋಧನೆಯಷ್ಟೇ ದೊಡ್ಡ ಕೆಲಸ ಇದು.

ಅದೇ ಹೊತ್ತಿಗೆ ಚಿತ್ರದುರ್ಗದಲ್ಲೂ ನೆಲ ಹದವಾಗುತ್ತಿತ್ತು. 1980ರಲ್ಲಿ ಮುರುಘಾಮಠದ ವಿದ್ಯಾಪೀಠದ ಎಂಜಿನಿಯರಿಂಗ್ ಕಾಲೇಜು, ಈಗಿನ ಎಸ್‌ಜೆಎಂಐಟಿ, ಶುರುವಾಯಿತು. 1987ರಲ್ಲಿ ಕುವೆಂಪು ವಿಶ್ವವಿದ್ಯಾಲಯ ಬಂತು, 1998ರಲ್ಲಿ ಎಂಜಿನಿಯರಿಂಗ್ ಕಾಲೇಜುಗಳು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೆಳಗೆ ಸೇರಿದವು. 2007ರಲ್ಲಿ ಚಳ್ಳಕೆರೆಗೆ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಸಿಕ್ಕಿತು.

ಇನ್ನೊಂದು ಸಂಗತಿಯನ್ನು ಇಲ್ಲೇ ದಾಖಲಿಸಬೇಕು, ಏಕೆಂದರೆ ಹೊರಗಿನವರು ಇದನ್ನು ಮರೆಯುತ್ತಾರೆ. ಸಿರಿಗೆರೆ ಚಿತ್ರದುರ್ಗ ತಾಲ್ಲೂಕಿನ ಹಳ್ಳಿ. ಅಲ್ಲಿನ ತರಳಬಾಳು ಮಠದ ಡಾ. ಶಿವಮೂರ್ತಿ ಶಿವಾಚಾರ್ಯ ಸ್ವಾಮೀಜಿ ಪಾಣಿನಿಯ ಅಷ್ಟಾಧ್ಯಾಯಿಯನ್ನು ಗಣಕಕ್ಕೆ ಅಳವಡಿಸಿ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದರು. ಸುಮಾರು ನಾಲ್ಕು ಸಾವಿರ ಸೂತ್ರಗಳಲ್ಲಿ ಒಂದು ಮತ್ತೊಂದನ್ನು ಕರೆಯುವ, ತಡೆಯುವ, ಮೀರುವ ಪಾಣಿನಿಯ ಕ್ರಮ ಗಣಕ ವಿಜ್ಞಾನದವರಿಗೆ ಬಹಳ ಆಪ್ತವಾದದ್ದು. ಶಿವಶರಣರ ಇಪ್ಪತ್ತು ಸಾವಿರಕ್ಕೂ ಹೆಚ್ಚು ವಚನಗಳನ್ನು ಪದ ಕೊಟ್ಟು ಹುಡುಕುವಂತೆ ಮಾಡಿದ ತಂತ್ರಾಂಶವೂ ಅದೇ ಮಠದ್ದು. ಹಳ್ಳಿಯ ಮಠದಲ್ಲಿ ಇಂಥ ಕೆಲಸ ನಡೆದಿದೆ ಎಂದ ಮೇಲೆ ಸಂಶೋಧನೆ ದೊಡ್ಡ ಊರಿನವರ ಸ್ವತ್ತು ಎಂದು ನಮ್ಮ ಜಿಲ್ಲೆಯವರು ಹಿಂಜರಿಯಲು ಕಾರಣವೇ ಇಲ್ಲ.

ಸಿಎಸ್‌ಎಗೆ ಮರಳೋಣ. ವಿಭಾಗದ ಒಳಗೆ ಗಟ್ಟಿಯಾಗಿ ಬೇರೂರಿದ ಒಂದು ಪರಂಪರೆ ಸಿದ್ಧಾಂತದ್ದು ಮತ್ತು ಕಂಪೈಲರುಗಳದ್ದು. ಪ್ರೊ. ಪ್ರೀತಿ ಶಂಕರ್ ಆ ಪರಂಪರೆಯ ದೊಡ್ಡ ಹೆಸರು. ದೆಹಲಿ ಐಐಟಿಯಲ್ಲಿ ಬಿ.ಟೆಕ್. ಪಡೆದ ಮೊದಲ ಮಹಿಳೆ ಅವರು; ಭಾಷೆಗಳ ಗಣಿತ, ದೋಷ ತಿದ್ದುವ ಸಂಕೇತಗಳು, ಕಂಪೈಲರ್, ಈ ಮೂರರಲ್ಲೂ ಕೆಲಸ ಮಾಡಿದರು. ವೈ.ಎನ್. ಶ್ರೀಕಾಂತ್ ಅವರ ಜೊತೆ ಸಂಪಾದಿಸಿದ ಕಂಪೈಲರ್ ವಿನ್ಯಾಸದ ಕೈಪಿಡಿ ಜಗತ್ತಿನ ಎಲ್ಲೆಡೆ ಬಳಕೆಯಲ್ಲಿದೆ. 2011ರಲ್ಲಿ ಪ್ರೀತಿ ಶಂಕರ್ ತೀರಿಕೊಂಡರು. ಎಂಜಿನಿಯರಿಂಗ್ ಓದುವ ನಮ್ಮ ಹೆಣ್ಣುಮಕ್ಕಳ ತರಗತಿಗಳಲ್ಲಿ ಅವರ ಚಿತ್ರ ಇರಬೇಕು ಎಂಬುದು ನನ್ನ ಆಸೆ.

ಆದರೆ ಹೊರಜಗತ್ತಿಗೆ ಈ ವಿಭಾಗ ಹೆಚ್ಚು ಗೊತ್ತಾದದ್ದು ಸಿಂಪ್ಯೂಟರಿನಿಂದ. 1998ರ ಅಕ್ಟೋಬರಿನಲ್ಲಿ ಬೆಂಗಳೂರಿನಲ್ಲಿ ಬೆಳೆಯುತ್ತಿರುವ ದೇಶಗಳಿಗೆ ಮಾಹಿತಿ ತಂತ್ರಜ್ಞಾನ ಹೇಗಿರಬೇಕು ಎಂಬ ವಿಚಾರ ಸಂಕಿರಣ ನಡೆಯಿತು. ಓದು ಬರಹ ಗೊತ್ತಿಲ್ಲದವರೂ ಬಳಸಬಹುದಾದ, ಅಗ್ಗದ, ಕೈಯಲ್ಲಿ ಹಿಡಿಯುವ ಗಣಕ ಬೇಕು ಎಂಬ ಮಾತು ಅಲ್ಲಿ ಗಟ್ಟಿಯಾಯಿತು. ಸಿಎಸ್‌ಎಯ ನಾಲ್ವರು ಅಧ್ಯಾಪಕರು, ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್, ಎನ್‌ಕೋರ್ ಸಾಫ್ಟ್‌ವೇರ್ ಕಂಪನಿಯವರ ಜೊತೆ ಸೇರಿ ಅದನ್ನು ಮಾಡಿಯೇ ತೋರಿಸಿದರು. 2001ರ ಏಪ್ರಿಲಿನಲ್ಲಿ ಮಾದರಿ ಹೊರಬಂತು. ಲಿನಕ್ಸ್ ಮೇಲೆ ನಡೆಯುವ ಯಂತ್ರ. ಪರದೆಯ ಮೇಲೆ ಕಡ್ಡಿಯಿಂದ ಮುಟ್ಟಿದರೆ ಕೆಲಸ ಮಾಡುತ್ತಿತ್ತು. ಬರೆದದ್ದನ್ನು ಭಾರತೀಯ ಭಾಷೆಗಳಲ್ಲಿ ಓದಿ ಹೇಳುವ ‘ಧ್ವನಿ’ ಎಂಬ ತಂತ್ರಾಂಶ ಅದರೊಳಗಿತ್ತು, ಕನ್ನಡವೂ ಸೇರಿ. ಇಡೀ ಊರಿಗೆ ಒಂದೇ ಯಂತ್ರವಿದ್ದರೂ ಸಾಕು, ಪ್ರತಿಯೊಬ್ಬರ ಹತ್ತಿರ ತಮ್ಮ ಮಾಹಿತಿಯ ಸ್ಮಾರ್ಟ್ ಕಾರ್ಡ್ ಇದ್ದರೆ ಆಯಿತು ಎಂಬ ಅದರ ಲೆಕ್ಕಾಚಾರದಲ್ಲಿ ನಮ್ಮ ಹಳ್ಳಿಗಳ ಬದುಕನ್ನು ಬಲ್ಲ ತಿಳುವಳಿಕೆ ಇತ್ತು. ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯಲ್ಲಿ ಲೇಖಕ ಬ್ರೂಸ್ ಸ್ಟರ್ಲಿಂಗ್ ಆ ವರ್ಷದ ಅತಿ ಮಹತ್ವದ ಗಣಕ ಆವಿಷ್ಕಾರವೆಂದು ಅದನ್ನು ಎತ್ತಿ ಹೇಳಿದರು. 2004ರಲ್ಲಿ ಬಿಇಎಲ್ ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಅಲುಗಿಸಿದರೆ ಅದನ್ನು ಗ್ರಹಿಸಿ ಪುಟ ತಿರುಗಿಸುವ ಗುಣ ಅದಕ್ಕಿತ್ತು. ಸ್ಮಾರ್ಟ್‌ಫೋನುಗಳಲ್ಲಿ ಅದು ಸಾಮಾನ್ಯವಾದದ್ದು ಆಮೇಲೆ.

ಸಿಂಪ್ಯೂಟರ್ ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಮೊಬೈಲ್ ಫೋನು ಅಷ್ಟರಲ್ಲಿ ಎಲ್ಲರ ಜೇಬಿಗೂ ಬರತೊಡಗಿತ್ತು. ಇದನ್ನು ಸೋಲು ಎಂದು ಬರೆದವರು ಬಹಳ ಜನ. ನನ್ನ ತೀರ್ಮಾನ ಬೇರೆ. ಯಂತ್ರ ಸರಿಯಾಗಿತ್ತು, ಪ್ರಶ್ನೆಯೂ ಸರಿಯಾಗಿತ್ತು. ಆ ಯಂತ್ರದೊಳಗೆ ತುಂಬಬೇಕಾದ ಮಾಹಿತಿ, ಅಂದರೆ ಹೊಸದುರ್ಗದ ರೈತನಿಗೆ ಬೇಕಾದ ಸಂತೆಯ ಧಾರಣೆ, ಹೊಳಲ್ಕೆರೆಯ ತಾಯಿಗೆ ಬೇಕಾದ ಲಸಿಕೆಯ ತಾರೀಕು, ಇವನ್ನು ಕನ್ನಡದಲ್ಲಿ ಒಟ್ಟು ಮಾಡಿ ನಿತ್ಯ ಕಳುಹಿಸುವ ಜನವಾಗಲಿ ಜಾಲವಾಗಲಿ ಆಗ ಇರಲಿಲ್ಲ. ಆ ಜಾಗದಲ್ಲಿ ನಿಲ್ಲಬೇಕಾಗಿದ್ದವರು ಊರು ಬಿಟ್ಟು ಹೋಗಿ ಓದಿದ ನಾವು. ಪ್ರಯೋಗಾಲಯ ತನ್ನ ಪಾಲಿನ ಅರ್ಧ ಸೇತುವೆ ಕಟ್ಟಿತ್ತು.

ಸಿಂಪ್ಯೂಟರ್ ಕೆಲಸ ನಡೆಯುತ್ತಿದ್ದ ಹೊತ್ತಿನಲ್ಲೇ ರಾಜ್ಯ ಸರ್ಕಾರದ ಭೂಮಿ ಯೋಜನೆ ತಾಲ್ಲೂಕು ಕಚೇರಿಗಳನ್ನು ಬದಲಿಸುತ್ತಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿ ದಾಖಲೆಗಳು ಗಣಕಕ್ಕೆ ಏರಿದವು. ಕೈಬರಹದ ಪಹಣಿ ನಿಂತು, ಕಿಟಕಿಯಲ್ಲಿ 15 ರೂಪಾಯಿ ಕಟ್ಟಿದರೆ ಅಚ್ಚಾದ ಪಹಣಿ ಕೈಗೆ ಬರತೊಡಗಿತು. ಶ್ಯಾನುಭೋಗರ ಕಾಲದಿಂದ ಬಂದ ಪುಸ್ತಕಗಳ ಮುಂದೆ ಕೈಕಟ್ಟಿ ನಿಂತಿದ್ದವರಿಗೆ ಅದೊಂದು ಬಿಡುಗಡೆ. ಆದರೆ ಗಣಕಕ್ಕೆ ಏರಿದ ಮೇಲೆ ಬೇರೊಂದು ತೊಡಕು ಕಾಣಿಸಿಕೊಂಡಿತು, ಅದು ಇಂದಿಗೂ ಇದೆ. ಸಿಎಸ್‌ಎಯ ಒಂದು ಸಂಶೋಧನೆ ನೇರವಾಗಿ ಆ ತೊಡಕನ್ನೇ ಮುಟ್ಟುತ್ತದೆ.

ನಮ್ಮ ಜಿಲ್ಲೆಯಲ್ಲಿ ಯಾವ ಬೀದಿಯಲ್ಲಿ ನಿಂತು ತಿಪ್ಪೇಸ್ವಾಮಿ ಎಂದು ಕೂಗಿದರೂ ಇಬ್ಬರು ಓಗೊಡುತ್ತಾರೆ. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯ ಹೆಸರು ಮನೆಮನೆಯಲ್ಲಿದೆ. ಪಹಣಿಯಲ್ಲಿ ಕನ್ನಡದಲ್ಲಿ ಇರುವ ಈ ಹೆಸರು ಅಂಕಪಟ್ಟಿಯಲ್ಲಿ, ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ, ಆಧಾರ್ ಕಾರ್ಡಿನಲ್ಲಿ ಇಂಗ್ಲಿಷಿನಲ್ಲಿರುತ್ತದೆ. ಒಬ್ಬ ಗುಮಾಸ್ತರು ಮೊದಲ ‘ಟಿ’ಯ ಪಕ್ಕ ‘ಎಚ್’ ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಕೊನೆಯಲ್ಲಿ ಒಬ್ಬರು ‘ವೈ’, ಮತ್ತೊಬ್ಬರು ‘ಐ’. ಮನುಷ್ಯರಿಗೆ ಇವೆಲ್ಲ ಒಂದೇ ಹೆಸರು. ಅಕ್ಷರಕ್ಕೆ ಅಕ್ಷರ ಹೋಲಿಸಿ ನೋಡುವ ಯಂತ್ರಕ್ಕೆ ಇವರು ನಾಲ್ಕು ಬೇರೆ ಬೇರೆ ಜನ. ಬೆಳೆ ಪರಿಹಾರದ ಹಣ ಖಾತೆಗೆ ಬೀಳದೆ ರೈತರು ನಾಡಕಚೇರಿಗೂ ಬ್ಯಾಂಕಿಗೂ ಅಲೆಯುವುದರ ಹಿಂದೆ ಎಷ್ಟೋ ಸಲ ಇರುವುದು ಇದೇ.

ಪ್ರೊ. ಜಯಂತ್ ಹರಿತ್ಸ ಅವರ ದತ್ತಾಂಶ ವ್ಯವಸ್ಥೆಗಳ ಪ್ರಯೋಗಾಲಯದಲ್ಲಿ, ಅವರ ವಿದ್ಯಾರ್ಥಿ ಎ. ಕುಮಾರನ್ ಜೊತೆ, 2004ರ ಸುಮಾರಿಗೆ ನಡೆದ ಕೆಲಸ ಇದಕ್ಕೆ ಸಂಬಂಧಿಸಿದ್ದು. ಅದರ ಹೆಸರು ‘ಲೆಕ್ಸ್‌ಈಕ್ವಲ್’. ಅದರ ದಾರಿ ಹೀಗಿದೆ. ಮೊದಲು ಹೆಸರು ಯಾವ ಲಿಪಿಯಲ್ಲೇ ಇರಲಿ, ಅದನ್ನು ಉಚ್ಚಾರಣೆಯ ಸಂಕೇತಗಳ ಸಾಲಾಗಿ ಬದಲಿಸಬೇಕು. ಆಮೇಲೆ ಎರಡು ಸಾಲುಗಳನ್ನು ಅಕ್ಕಪಕ್ಕ ಇಟ್ಟು, ಒಂದು ಇನ್ನೊಂದಾಗಲು ಎಷ್ಟು ಧ್ವನಿಗಳನ್ನು ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಎಣಿಸಬೇಕು. ‘ತ’ಕ್ಕೆ ಬದಲು ‘ಥ’ ಬಂದರೆ ಹತ್ತಿರದ ತಪ್ಪು, ‘ತ’ಕ್ಕೆ ಬದಲು ‘ಮ’ ಬಂದರೆ ದೂರದ ತಪ್ಪು. ಹಾಗಾಗಿ ಹತ್ತಿರದ ಧ್ವನಿಗಳಿಗೆ ಕಡಿಮೆ ದಂಡ. ಒಟ್ಟು ದಂಡ ಒಂದು ಮಿತಿಯೊಳಗಿದ್ದರೆ ಎರಡೂ ಒಂದೇ ಹೆಸರು. ಹೇಳುವುದು ಸುಲಭ. ಲಕ್ಷಾಂತರ ಹೆಸರುಗಳ ನಡುವೆ ಇದನ್ನು ಬೇಗ ಮಾಡುವುದು ಹೇಗೆ ಎಂಬುದು ಅವರ ಸಂಶೋಧನೆಯ ತಿರುಳು. ಮಿತಿಯನ್ನು ಸಡಿಲ ಮಾಡಿದರೆ ತಿಪ್ಪೇಸ್ವಾಮಿಯ ಜೊತೆಗೆ ತಿಪ್ಪಯ್ಯನೂ ಬಂದು ಸೇರುತ್ತಾನೆ, ಬಿಗಿ ಮಾಡಿದರೆ ನಿಜವಾದವನೇ ಹೊರಗುಳಿಯುತ್ತಾನೆ. ಎಲ್ಲಿ ಗೆರೆ ಎಳೆಯಬೇಕು ಎಂಬುದನ್ನು ಚೆನ್ನಾಗಿ ಬಲ್ಲವರು ನಾಡಕಚೇರಿಯಲ್ಲಿ ಕೂತ ಆಪರೇಟರ್ ಮತ್ತು ಊರಿನ ಗ್ರಾಮಲೆಕ್ಕಿಗರು. ಅವರ ಅನುಭವವನ್ನು ಪ್ರಯೋಗಾಲಯಕ್ಕೆ ತಲುಪಿಸಬೇಕು. ಅದನ್ನು ಮಾಡಬಲ್ಲವರು ಎರಡೂ ಕಡೆಯ ಭಾಷೆ ಗೊತ್ತಿರುವ ಹಳೆಯ ವಿದ್ಯಾರ್ಥಿಗಳು.

ಈಗಿನ ಕೆಲಸಗಳಲ್ಲಿ ನಮಗೆ ಅತಿ ಹತ್ತಿರದ್ದು ಪ್ರೊ. ವೈ. ನರಹರಿ ಅವರ ಗುಂಪಿನದು. ಅವರು ಇದೇ ಸಂಸ್ಥೆಯಲ್ಲಿ ಓದಿ ಇಲ್ಲೇ ಪಾಠ ಹೇಳಿದವರು. ಅವರ ವಿಷಯ ಗೇಮ್ ಥಿಯರಿ, ಅಂದರೆ ತಂತಮ್ಮ ಲಾಭ ನೋಡಿಕೊಳ್ಳುವ ಹಲವರು ಒಂದೆಡೆ ಸೇರಿದಾಗ ಏನಾಗುತ್ತದೆ ಎಂಬುದರ ಗಣಿತ. ಇತ್ತೀಚಿನ ವರ್ಷಗಳಲ್ಲಿ ಅವರ ಗುಂಪು ಆ ಗಣಿತವನ್ನು ರೈತರ ವ್ಯವಹಾರಕ್ಕೆ ತಂದಿದೆ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ನೂರಕ್ಕೆ 86 ಸಣ್ಣ ಮತ್ತು ಅತಿಸಣ್ಣ ರೈತರದು. ಎರಡು ಚೀಲ ಗೊಬ್ಬರ ಕೊಳ್ಳುವವನು ಅಂಗಡಿಯವನು ಹೇಳಿದ ಬೆಲೆ ಕೊಡಬೇಕು. ಇನ್ನೂರು ಮಂದಿ ಸೇರಿ ಒಟ್ಟಿಗೆ ಕೊಂಡರೆ ಮಾತಿಗೆ ಬೆಲೆ ಬರುತ್ತದೆ. ರೈತ ಉತ್ಪಾದಕ ಸಂಸ್ಥೆಗಳ ಹಿಂದಿನ ವಿಚಾರ ಇದೇ. 2020ರಲ್ಲಿ ಕೇಂದ್ರ ಸರ್ಕಾರ ಅಂಥ 10,000 ಸಂಸ್ಥೆಗಳನ್ನು ಕಟ್ಟುವ ಯೋಜನೆ ಹಾಕಿತು.

ಒಟ್ಟಿಗೆ ಕೊಳ್ಳುವಾಗ ಟೆಂಡರ್ ಕರೆಯಬೇಕು. ಮೂವರು ಸರಬರಾಜುದಾರರು ಇದ್ದಾರೆ ಎನ್ನಿ. ಒಂದು ಚೀಲಕ್ಕೆ ಒಬ್ಬನಿಗೆ ನಿಜವಾಗಿ ಬೀಳುವ ಖರ್ಚು 900, ಇನ್ನೊಬ್ಬನಿಗೆ 950, ಮೂರನೆಯವನಿಗೆ 1,000 ರೂಪಾಯಿ. ಕಡಿಮೆ ಕೇಳಿದವನಿಗೆ ಅವನು ಕೇಳಿದಷ್ಟೇ ಕೊಡುತ್ತೇವೆ ಎಂದರೆ 900ರವನು 900 ಎನ್ನುವುದಿಲ್ಲ. ಪಕ್ಕದವನ ಬೆಲೆ ಊಹಿಸಿ 940 ಎನ್ನುತ್ತಾನೆ, ಕೆಲವೊಮ್ಮೆ ಲೆಕ್ಕ ತಪ್ಪಿ 960 ಎಂದು ಕೈತಪ್ಪಿಸಿಕೊಳ್ಳುತ್ತಾನೆ. ವಿಲಿಯಂ ವಿಕ್ರಿ ಎಂಬ ಅರ್ಥಶಾಸ್ತ್ರಜ್ಞ 1961ರಲ್ಲಿ ಇದಕ್ಕೊಂದು ನಿಯಮ ತೋರಿಸಿದ. ಅತಿ ಕಡಿಮೆ ಕೇಳಿದವನು ಗೆಲ್ಲಲಿ, ಆದರೆ ಅವನಿಗೆ ಎರಡನೆಯವನು ಕೇಳಿದ ಬೆಲೆ ಸಿಗಲಿ. ಆಗ ಸುಳ್ಳು ಹೇಳಿ ಸಿಗುವ ಲಾಭವೇ ಇಲ್ಲ. ಮೊದಲನೆಯವನು 900 ಎಂದು ನಿಜವನ್ನೇ ಬರೆಯುತ್ತಾನೆ, ಅವನಿಗೆ ಚೀಲಕ್ಕೆ 950 ಸಿಗುತ್ತದೆ. ಈ ಬಗೆಯ ಕೆಲಸಕ್ಕಾಗಿ ವಿಕ್ರಿಗೆ 1996ರಲ್ಲಿ ನೊಬೆಲ್ ಬಂತು.

ಆದರೆ ನಿಜವಾದ ವ್ಯಾಪಾರ ಇಷ್ಟು ಸರಳವಲ್ಲ. ಹೆಚ್ಚು ಕೊಂಡಂತೆ ಬೆಲೆ ಇಳಿಸುವವರು ಇರುತ್ತಾರೆ. ಎಲ್ಲವನ್ನೂ ಒಬ್ಬನಿಗೇ ಕೊಟ್ಟರೆ ಮುಂದಿನ ವರ್ಷ ಉಳಿದವರು ಬರುವುದಿಲ್ಲ, ಅವನೇ ರಾಜನಾಗುತ್ತಾನೆ. ರೈತರಿಗೆ ಖರ್ಚು ಕಡಿಮೆಯಾಗಬೇಕು, ಮಾರುವವನಿಗೆ ನಷ್ಟವಾಗಬಾರದು, ಯಾರೂ ಸುಳ್ಳು ಹೇಳಬಾರದು, ಯಾರಿಗೂ ಅನ್ಯಾಯವಾಯಿತು ಅನ್ನಿಸಬಾರದು. ಇವೆಲ್ಲ ಒಟ್ಟಿಗೆ ನೂರಕ್ಕೆ ನೂರು ಈಡೇರುವ ನಿಯಮ ಸಾಮಾನ್ಯವಾಗಿ ಸಾಧ್ಯವಿಲ್ಲ ಎಂದು ಸಿದ್ಧಾಂತವೇ ಹೇಳುತ್ತದೆ. ಹಾಗಾದರೆ ಇವಕ್ಕೆಲ್ಲ ಆದಷ್ಟು ಹತ್ತಿರ ಬರುವ ಹರಾಜಿನ ನಿಯಮವನ್ನು ಡೀಪ್ ಲರ್ನಿಂಗ್ ಮೂಲಕ ಯಂತ್ರವೇ ಕಲಿತು ಕಂಡುಕೊಳ್ಳಲಿ ಎಂಬುದು ಆ ಗುಂಪು ಹಿಡಿದ ದಾರಿ. ಅದೇ ಗುಂಪು ಬೆಳೆಗಳ ಧಾರಣೆಯನ್ನು ಮುಂಚಿತವಾಗಿ ಅಂದಾಜು ಮಾಡುವ ಕೆಲಸವನ್ನೂ ಮಾಡಿದೆ. ಒಂದು ಮಾರುಕಟ್ಟೆಯ ಬೆಲೆ ಸುತ್ತಲಿನ ಮಾರುಕಟ್ಟೆಗಳ ಬೆಲೆಗೆ ಹೆಣೆದುಕೊಂಡಿರುತ್ತದೆ. ಆ ಹೆಣಿಗೆಯನ್ನೇ ಗಣಿತಕ್ಕೆ ತಂದು ಅಂದಾಜನ್ನು ಸುಧಾರಿಸುವ ಪ್ರಯತ್ನ ಅದು.

ಭೀಮಸಮುದ್ರದ ಅಡಿಕೆ ಮಂಡಿಯಲ್ಲಿ ಕೂತವರಿಗೆ ಇದು ಹೊಸ ವಿಷಯವೇನಲ್ಲ. ಶಿವಮೊಗ್ಗದಲ್ಲಿ, ಚನ್ನಗಿರಿಯಲ್ಲಿ ಏನು ನಡೆದಿದೆ ಎಂದು ಕೇಳಿಯೇ ಅವರು ಬಾಯಿ ಬಿಡುತ್ತಾರೆ. ಹಿರಿಯೂರಿನ ಈರುಳ್ಳಿ ಬೆಳೆಗಾರರಿಗೆ, ಹೊಸದುರ್ಗದ ದಾಳಿಂಬೆ ಬೆಳೆಗಾರರಿಗೆ ಒಂದು ವಾರದ ಧಾರಣೆ ಮೊದಲೇ ತಿಳಿದರೆ ಅದರ ಬೆಲೆ ಏನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಕಾಗದದ ಮೇಲಿನ ಅಂದಾಜು ಎಷ್ಟು ನಿಜ, ದಾಳಿಂಬೆಗೆ ದುಂಡಾಣು ಅಂಗಮಾರಿ ಬಿದ್ದ ವರ್ಷ ಅದು ಎಲ್ಲಿ ಎಡವಿತು ಎಂದು ಪರೀಕ್ಷಿಸಲು ಸ್ಥಳದ ಜ್ಞಾನ ಬೇಕು. ಸರ್ಕಾರದ ಜಾಲತಾಣದ ಧಾರಣೆಯ ಪಟ್ಟಿ ಬೆಂಗಳೂರಿನಲ್ಲೂ ಸಿಗುತ್ತದೆ. ಆ ಪಟ್ಟಿಯಲ್ಲಿ ಒಂದು ದಿನ ಅಂಕಿ ಏಕೆ ಖಾಲಿ ಇದೆ ಎಂಬುದು ಮಂಡಿಯಲ್ಲೇ ಗೊತ್ತಾಗಬೇಕು.

ಮಾತಿನ ವಿಷಯ ಹೇಳದಿದ್ದರೆ ಈ ಲೇಖನ ಕುಂಟುತ್ತದೆ. ಸಿಎಸ್‌ಎಯ ನೆರೆಯ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ವಿಭಾಗದಲ್ಲಿ ಪ್ರೊ. ಪ್ರಶಾಂತ ಕುಮಾರ್ ಘೋಷ್ ಅವರ ಗುಂಪು ಕನ್ನಡವೂ ಸೇರಿ ಒಂಬತ್ತು ಭಾಷೆಗಳಲ್ಲಿ ಕೃಷಿ ಮತ್ತು ಹಣಕಾಸಿನ ಮಾತನ್ನು ಗುರುತಿಸುವ ಯಂತ್ರಗಳಿಗೆ ಧ್ವನಿ ಸಂಗ್ರಹಿಸಿದೆ. ದೇಶದ ಎಲ್ಲ ಜಿಲ್ಲೆಗಳ ಮಾತನ್ನೂ ದಾಖಲಿಸುವ ‘ವಾಣಿ’ ಯೋಜನೆ ಗೂಗಲ್ ನೆರವಿನಿಂದ ಅದೇ ಸಂಸ್ಥೆಯಲ್ಲಿ ನಡೆಯುತ್ತಿದೆ. ಮೈಸೂರಿನ ಕನ್ನಡವನ್ನು ಮಾತ್ರ ಕಲಿತ ಯಂತ್ರ ಮೊಳಕಾಲ್ಮೂರಿನ ಅಜ್ಜಿಯ ಮಾತನ್ನು ಗುರುತಿಸಲಾರದು. ನಮ್ಮ ಸೀಮೆಯಲ್ಲಿ ತೆಲುಗು ಬೆರೆತ ಕನ್ನಡ ಇದೆ, ಗೊಲ್ಲರಹಟ್ಟಿಗಳ ಕನ್ನಡ ಇದೆ, ಮ್ಯಾಸಬೇಡರ ಹಟ್ಟಿಗಳ ಮಾತು ಇದೆ, ಲಂಬಾಣಿ ತಾಂಡಾಗಳ ನುಡಿ ಇದೆ. ಈ ದನಿಗಳು ಸಂಗ್ರಹದಲ್ಲಿ ಸೇರುವಂತೆ ನೋಡಿಕೊಳ್ಳುವುದು ನಮ್ಮ ಹೊಣೆ. ನಮ್ಮ ಪರವಾಗಿ ಇನ್ನೊಬ್ಬರು ಅದನ್ನು ನೆನಪಿಟ್ಟುಕೊಳ್ಳುತ್ತಾರೆಂದು ಕಾಯಬಾರದು.

ಸಂಸ್ಥೆ ಈಗ ನಮ್ಮ ಜಿಲ್ಲೆಯೊಳಗೇ ಇದೆ. ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಅದಕ್ಕೆ 1,500 ಎಕರೆ ಸಿಕ್ಕಿದ್ದು, 2011ರಿಂದ ಅಲ್ಲಿ ಪ್ರತಿಭಾ ವಿಕಾಸ ಕೇಂದ್ರ ನಡೆಯುತ್ತಿದೆ. ಸಾವಿರಾರು ಶಾಲಾ ಕಾಲೇಜು ಅಧ್ಯಾಪಕರು ಅಲ್ಲಿ ಉಳಿದು, ಪ್ರಯೋಗಗಳನ್ನು ಸ್ವತಃ ಕೈಯಿಂದ ಮಾಡಿ ಹೋಗಿದ್ದಾರೆ. ಸರ್ಕಾರಿ ಶಾಲೆಯ ವಿಜ್ಞಾನ ಶಿಕ್ಷಕರಿಗೆ ದೇಶದ ದೊಡ್ಡ ಸಂಸ್ಥೆಯೊಂದು ಹೀಗೆ ಬಾಗಿಲು ತೆರೆದಿರುವುದು ಹೆಮ್ಮೆಯ ವಿಷಯ. ಆದರೆ ಆ ನೆಲದ ಚರಿತ್ರೆಯನ್ನೂ ಮುಚ್ಚಿಡದೆ ಬರೆಯಬೇಕು. ಅದು ಅಮೃತಮಹಲ್ ಕಾವಲಿನ ಹುಲ್ಲುಗಾವಲು. ತಲೆಮಾರುಗಳಿಂದ ಸುತ್ತಲಿನ ಹಳ್ಳಿಗಳ ಕುರಿ ದನಗಳು ಮೇದ ಜಾಗ, ಕಂಬಳಿ ನೇಯುವವರ ಉಣ್ಣೆ ಬೆಳೆದ ಜಾಗ. ಈ ಸಂಸ್ಥೆಯ ಜೊತೆಗೆ ಡಿಆರ್‌ಡಿಒ, ಬಿಎಆರ್‌ಸಿ, ಇಸ್ರೊ ಕೂಡ ಬಂದಾಗ ಜನ ಪ್ರತಿಭಟಿಸಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಹುಲ್ಲು ಕಳೆದುಕೊಂಡವರ ಮಕ್ಕಳಿಗೆ ಆ ಆವರಣದ ವಿದ್ಯೆ ಮೊದಲು ಸಿಗಬೇಕು. ಹಳೆಯ ವಿದ್ಯಾರ್ಥಿಗಳು ಸಂಸ್ಥೆಯ ಮುಂದೆ ಗಟ್ಟಿಯಾಗಿ ಇಡಬೇಕಾದ ಬೇಡಿಕೆ ಇದೆಂದು ನನಗೆ ತೋರುತ್ತದೆ. ಗಣಕ ಪಾಠಕ್ಕೆ ಪ್ರಯೋಗಾಲಯದ ಗಾಜಿನ ಸಾಮಾನು ಬೇಡ. ಕುದಾಪುರದಲ್ಲಿ ಬೇಸಿಗೆಯಲ್ಲೊಂದು ಕನ್ನಡದ ಗಣಕ ತರಬೇತಿ ನಡೆಸುವುದಕ್ಕೆ ಸಿಎಸ್‌ಎಯಲ್ಲಿ ಓದಿದ ಐದಾರು ಮಂದಿ ಮನಸ್ಸು ಮಾಡಿದರೆ ಸಾಕು.

2019ರಲ್ಲಿ ಸಿಎಸ್‌ಎ ಐವತ್ತು ವರ್ಷ ಪೂರೈಸಿತು. ಹಳೆಯ ವಿದ್ಯಾರ್ಥಿಗಳು ಒಳಗಿನ ಕೆಲಸ ನೋಡುವುದಕ್ಕೆ ಸಂದರ್ಭಗಳು ವರ್ಷವಿಡೀ ಇವೆ. ಗಣಕ, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ವಿಭಾಗಗಳ ಸಂಶೋಧನಾ ವಿದ್ಯಾರ್ಥಿಗಳು ತಮ್ಮ ಕೆಲಸವನ್ನು ತಾವೇ ವಿವರಿಸುವ ವಾರ್ಷಿಕ ಗೋಷ್ಠಿ ನಡೆಯುತ್ತದೆ. ನನ್ನ ಮಟ್ಟಿಗೆ ಪ್ರಾಧ್ಯಾಪಕರ ಭಾಷಣಕ್ಕಿಂತ ಅದೇ ಮೇಲು. ಇಪ್ಪತ್ತೈದರ ಹುಡುಗಿಯೊಬ್ಬಳು ತನ್ನ ಪ್ರಮೇಯ ಎಲ್ಲಿ ಸಿಕ್ಕಿಕೊಂಡಿದೆ ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ, ಅಲ್ಲಿ ಪ್ರಶ್ನೆ ಕೇಳಲು ಯಾರೂ ಹಿಂಜರಿಯಬೇಕಾಗಿಲ್ಲ. ಪದವಿ ಓದುವ ಮಕ್ಕಳಿಗೆ ವಿಭಾಗ ನಡೆಸುವ ಬೇಸಿಗೆ ಶಾಲೆಗೆ ಎಸ್‌ಜೆಎಂಐಟಿಯಿಂದ, ಚಳ್ಳಕೆರೆಯ ಸರ್ಕಾರಿ ಕಾಲೇಜಿನಿಂದ ಅರ್ಜಿ ಹೋಗುವಂತೆ ಮಾಡುವುದು ಆ ಕಾಲೇಜುಗಳ ಹಳೆಯ ವಿದ್ಯಾರ್ಥಿಗಳ ಕೈಯಲ್ಲಿದೆ. ಒಂದು ದೂರವಾಣಿ ಕರೆ, ಒಂದು ಶಿಫಾರಸಿನ ಮಾತು, ಅರ್ಜಿ ಬರೆಯಲು ಒಂದು ಸಂಜೆ. ಇಷ್ಟಕ್ಕೂ ಸಮಯವಿಲ್ಲ ಎನ್ನುವವರು ನಮ್ಮಲ್ಲಿ ಇರಲಾರರು.

ಹೋಗುವಾಗ ಹೂವಿನ ಹಾರ, ಶಾಲು ಬೇಡ. ಹೊಳಲ್ಕೆರೆಯವರು ಕಳೆದ ಐದು ವರ್ಷದ ಅಡಿಕೆ ಚೇಣಿಯ ಲೆಕ್ಕ ತೆಗೆದುಕೊಂಡು ಹೋಗಿ. ಹೊಸದುರ್ಗದವರು ನಿಮ್ಮ ರೈತ ಸಂಸ್ಥೆ ಗೊಬ್ಬರ ಕೊಂಡ ಬಿಲ್ಲುಗಳನ್ನು ಒಯ್ಯಿರಿ. ಹಿರಿಯೂರಿನವರು ವಾಣಿವಿಲಾಸ ಸಾಗರದ ನೀರಿನ ಮಟ್ಟದ ಹಳೆಯ ದಾಖಲೆ ಹುಡುಕಿ. 1933ರಲ್ಲಿ ಕೋಡಿ ಹರಿದ ಆ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ, ಆಮೇಲೆ 2025ರ ಜನವರಿಯಲ್ಲಿ. 1933ರಿಂದ 2022ರವರೆಗಿನ 89 ವರ್ಷಗಳ ಏರಿಳಿತದ ಅಂಕಿಗಳು ಮಳೆ, ಅಂತರ್ಜಲ ಮತ್ತು ಕಾಲುವೆಯ ನೀರಿನ ಬಗ್ಗೆ ಹೇಳಬಲ್ಲದ್ದು ಬಹಳ. ಚಿತ್ರದುರ್ಗದವರು ಚಂದ್ರವಳ್ಳಿ, ಬ್ರಹ್ಮಗಿರಿಯ ಶಾಸನಗಳ ಮಾತೆತ್ತಿರಿ. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ತಮ್ಮ ಊರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುತ್ತಿದ್ದಾರೆ. ಅಶೋಕನ ಕಾಲದ ಬರಹ ಇರುವ ಜಿಲ್ಲೆಗೆ ಅಂಥ ಕೆಲಸ ಇನ್ನೂ ಹೆಚ್ಚು ಬೇಕು.

ಪ್ರತಿ ವರ್ಷ ಸಂಸ್ಥೆಯ ಪ್ರಯೋಗಾಲಯಗಳು ಸಾರ್ವಜನಿಕರಿಗೆ ತೆರೆದಿರುವ ‘ಓಪನ್ ಡೇ’ ಇರುತ್ತದೆ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚ್ ತಿಂಗಳಲ್ಲಿ. ಪ್ರವೇಶಕ್ಕೆ ಹಣ ಕೊಡಬೇಕಾಗಿಲ್ಲ. ಚಿತ್ರದುರ್ಗದಿಂದ ಬೆಂಗಳೂರಿಗೆ ಸುಮಾರು 200 ಕಿಲೋಮೀಟರ್, ಹಿರಿಯೂರಿನಿಂದ 160. ಬೆಳಗಿನ ಜಾವದ ಬಸ್ಸು ಹಿಡಿದರೆ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರಬಹುದು. ನಿಮ್ಮ ಊರಿನ ಹೈಸ್ಕೂಲಿನ ಇಬ್ಬರು ಮಕ್ಕಳನ್ನೂ ಜೊತೆಗೆ ಕರೆದುಕೊಂಡು ಹೋಗಿ.